ಪ್ರಸಂಗಿಯ ಊಟದ ಡಬ್ಬಿ

ಆ ಬೀದಿಯ ಕ್ಷೌರಿಕನಿಗೆ ಪ್ರಸಂಗಿ ಎಂಬ ಅಡ್ಡಹೆಸರು ಸುಮ್ಮನೆ ಬಿದ್ದದ್ದಲ್ಲ. ಕುರ್ಚಿಯಲ್ಲಿ ಕೂತವನು ಒಂದು ನಿಟ್ಟುಸಿರು ಬಿಟ್ಟರೆ ಸಾಕು, ಬೈಬಲಿನ ಒಂದು ಕಥೆ ಹೊರಬಿತ್ತೆಂದೇ ಲೆಕ್ಕ. ಮೇಲಧಿಕಾರಿಯ ಕಾಟವೇ? ದೈತ್ಯ ಗೊಲ್ಯಾತನಿಗೆ ಕವಣೆ ಬೀಸಿದ ಹುಡುಗ ದಾವೀದ. ಅಣ್ಣತಮ್ಮಂದಿರ ಜಗಳವೇ? ಅಣ್ಣಂದಿರೇ ಗುಂಡಿಗೆ ತಳ್ಳಿದ ಯೋಸೇಫ. ಧೈರ್ಯ ಕುಸಿದವರಿಗೆಲ್ಲ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ತರಿಸಿದ ಪ್ರವಾದಿ ಎಲೀಯ. ಕತ್ತಿನ ಮೇಲೆ ಕತ್ತಿ ಆಡುತ್ತಿರುವಾಗ ಬೇಡ ಎನ್ನುವ ಗಂಡಸು ಯಾರಿದ್ದಾನೆ ಹೇಳಿ! ಆದರೂ ಎದ್ದು ಹೋಗುವಾಗ ಅವರ ಬೆನ್ನು ಒಂದಿಷ್ಟು ನೆಟ್ಟಗಾಗಿರುತ್ತಿತ್ತು, ಅದು ಸುಳ್ಳಲ್ಲ.

ಅಂಥವನ ಹೆಂಡತಿ ಬಟ್ಟೆ ಒಣಹಾಕುತ್ತಾ ನಿಂತಲ್ಲೇ ಕುಸಿದು ಹೋಗಿಬಿಟ್ಟಳು. ಪ್ರಸಂಗಿ ಅಳಲಿಲ್ಲ. ದೇವರನ್ನು ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಣ್ಣು ಮಾಡಿ ಬಂದ ಮರುವಾರವೇ ಅಂಗಡಿ ತೆರೆದ. ಕೈ ತನ್ನ ಪಾಡಿಗೆ ತಾನು ಕತ್ತರಿ ಆಡಿಸಿತು, ಬಾಯಿ ಮಾತ್ರ ಬೀಗ ಹಾಕಿಕೊಂಡಿತು. ಒಂದು ದಿನ ಕತ್ತಿ ತನ್ನದೇ ಹೆಬ್ಬೆರಳನ್ನು ಕೊಯ್ದದ್ದು ಅವನಿಗೆ ಗೊತ್ತಾದದ್ದು ಗಿರಾಕಿಯ ಬಿಳಿ ಹೊದಿಕೆ ಕೆಂಪಾದ ಮೇಲೆ. ಪ್ರಾರ್ಥನೆಗೆ ಕೂತರೂ ಅಷ್ಟೇ, ಒಳಗೆ ಏನೂ ಅಲುಗುತ್ತಿರಲಿಲ್ಲ. ನಂಬಿಕೆಯನ್ನೂ ಅವಳ ಜೊತೆಗೇ ಹೂತು ಬಂದೆನೇನೋ ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ಹೆದರಿಕೆಯೂ ಆಗಲಿಲ್ಲ.

ಅವನನ್ನು ನೋಡಿಕೊಳ್ಳಲು ಬಂದು ನಿಂತವಳು ಅಕ್ಕ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಬೆಳಿಗ್ಗೆ ಹೊದಿಕೆ ಎಳೆದುಹಾಕಿ, "ಏಳೋ, ತಿನ್ನು" ಎನ್ನುವಳು. ಸಂಜೆ ಅವನು ಗೋಡೆಗೆ ಮುಖ ಮಾಡಿ ಮಲಗಿದರೆ ಮತ್ತೆ ಅದೇ. "ಏಳು, ತಿನ್ನು. ನೀನು ಹಸ್ಕೊಂಡು ಸತ್ರೆ ಜನ ನನ್ನ ತಲೆಗೆ ಕಟ್ತಾರೆ." ಅಂಗಡಿಗೆ ಹೊರಟಾಗ ರೊಟ್ಟಿಯ ಡಬ್ಬಿ ಕೈಗೆ ತುರುಕುವಳು.

"ಉಪ್ಪು ಸರಿಯಾಗಿತ್ತೇನೋ?" ಎಂದು ದಿನಾ ಕೇಳುವಳು.

"ಹ್ಞೂಂ" ಎನ್ನುವನು.

ಹೀಗಿರುವಾಗ ಎದುರು ಸಾಲಿನ ಬೀಗ ರಿಪೇರಿಯವನು ಬಂದು ಕುರ್ಚಿಯಲ್ಲಿ ಕೂತ. ಜ್ವರದಲ್ಲಿ ಮಗಳನ್ನು ಕಳೆದುಕೊಂಡು ಇನ್ನೂ ವಾರ ತುಂಬಿರಲಿಲ್ಲ.

"ಪ್ರಸಂಗಿಗಳೇ, ಎಲ್ಲದಕ್ಕೂ ನಿಮ್ಮ ಹತ್ರ ಒಂದು ಕಥೆ ಇರ್ತಿತ್ತಲ್ಲ. ಇದಕ್ಕೆ ಇದೆಯಾ?"

ಬೆಂಚಿನ ಮೇಲಿದ್ದವರು ಪೇಪರು ಇಳಿಸಿದರು. ಪ್ರಸಂಗಿ ಬಾಯಿ ತೆರೆದ. ಬೆಟ್ಟ, ಬೆಂಕಿ, ಗೆಲುವು, ಯಾವುದೂ ನಾಲಿಗೆಗೆ ಬರಲಿಲ್ಲ. ಬಂದದ್ದು ಆ ಬೆಂಕಿ ಆರಿದ ಮೇಲಿನ ಕಥೆ. ಇಷ್ಟು ವರ್ಷ ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

"ಏನಾದ್ರೂ ತಿಂದ್ಯೇನಪ್ಪಾ?"

"ಗಂಟಲಲ್ಲಿ ಇಳೀತಿಲ್ಲ."

ಪ್ರಸಂಗಿ ಕತ್ತಿ ಕೆಳಗಿಟ್ಟು ಡಬ್ಬಿ ತೆರೆದ. ರೊಟ್ಟಿ ಮುರಿದು ಅರ್ಧವನ್ನು ಅವನ ಕೈಗಿಟ್ಟ, ಪಕ್ಕದಲ್ಲಿ ಒಂದು ಲೋಟ ನೀರಿಟ್ಟ.

"ಆ ಎಲೀಯ ಇದ್ದಾನಲ್ಲ, ಬೆಂಕಿ ತರಿಸಿದವನು, ಅವನೂ ಒಂದು ಸಲ ಕಾಡಲ್ಲಿ ಗಿಡದ ಕೆಳಗೆ ಬಿದ್ಕೊಂಡ. ಸಾಕಪ್ಪಾ ದೇವ್ರೇ, ನನ್ನ ಪ್ರಾಣ ತಗೋ ಅಂದ. ದೇವ್ರು ಬೈಲಿಲ್ಲ, ಬುದ್ಧಿನೂ ಹೇಳ್ಲಿಲ್ಲ. ದೇವದೂತ ಬಂದು ಮೈ ತಟ್ಟಿ, ಏಳು, ತಿನ್ನು ಅಂದ. ರೊಟ್ಟಿ, ನೀರು, ಅಷ್ಟೇ. ತಿಂದು ಮತ್ತೆ ಮಲಗಿದ. ದೂತ ಮತ್ತೆ ಬಂದ. ಏಳು, ತಿನ್ನು, ದಾರಿ ದೂರ ಇದೆ ಅಂದ."

"ಆಮೇಲೆ?"

"ಆಮೇಲಿಂದು ಆಮೇಲೆ. ಇವತ್ತಿಗೆ ಇಷ್ಟೇ."

ಹೇಳಿ ಮುಗಿಸಿದ ಮೇಲೆ, ದಿನಾ ಎರಡು ಹೊತ್ತೂ ಈ ಮಾತನ್ನೇ ತಾನು ಮನೆಯಲ್ಲಿ ಕೇಳುತ್ತಿದ್ದೇನಲ್ಲ ಎಂದು ಪ್ರಸಂಗಿಗೆ ಹೊಳೆಯಿತು. ಬೀಗದವನು ಒಬ್ಬನೇ ತಿನ್ನುವುದು ಬೇಡವೆಂದು ಉಳಿದರ್ಧವನ್ನು ತಾನೂ ಬಾಯಿಗಿಟ್ಟ. ಥೂ! ಮುಖ ಕಿವುಚಿಕೊಂಡ. ಬೀಗದವನಿಗೆ ಮಾತ್ರ ರುಚಿಯೇ ತಿಳಿಯಲಿಲ್ಲ. ಅಗಿದ, ನುಂಗಿದ, ನೀರು ಕುಡಿದ.

ಸಂಜೆ ಮನೆಗೆ ಬಂದವನೇ, "ಅಕ್ಕಾ, ಇವತ್ತು ರೊಟ್ಟಿಗೆ ವಿಪರೀತ ಉಪ್ಪು" ಎಂದ.

ಪಾತ್ರೆ ತೊಳೆಯುತ್ತಿದ್ದ ಅಕ್ಕನ ಕೈ ನಿಂತಿತು.

"ಇವತ್ತೇನೋ ಪುಣ್ಯಾತ್ಮ? ಏನು ಕೊಟ್ರೂ ಹ್ಞೂಂ ಅಂತ ನುಂಗ್ತಿದ್ದೆ. ಯಾವತ್ತು ಬಾಯಿ ಬಿಡ್ತೀಯೋ ನೋಡೋಣ ಅಂತ ನಿನ್ನ ಡಬ್ಬಿಗೆ ದಿನಾ ಜಾಸ್ತಿನೇ ಹಾಕ್ತಿದ್ದೆ" ಎಂದು ಒದ್ದೆ ಕೈಯಲ್ಲೇ ಕಣ್ಣೊರೆಸಿಕೊಂಡಳು.

ಪ್ರಸಂಗಿಗೆ ನಗು ಬಂತು. ನಗುತ್ತಾ ನಗುತ್ತಾ ಹೊಸ್ತಿಲ ಮೇಲೆ ಕುಸಿದು, ಹೆಂಡತಿಯ ಹೆಸರು ಹಿಡಿದು ಗೊಳೋ ಎಂದು ಅತ್ತ. ಅಕ್ಕ ತಡೆಯಲಿಲ್ಲ. ಅಳು ಇಳಿಯುವವರೆಗೂ ಕಾದು, ತನ್ನ ತಟ್ಟೆಯನ್ನು ಅವನ ಮುಂದಿಟ್ಟಳು.

"ಏಳು, ತಿನ್ನು. ಇದಕ್ಕೆ ಉಪ್ಪು ಸರಿಯಾಗಿದೆ."