ಟಿಪೋನ್‌ನ ಒರತೆ

ನನ್ನ ಮಕ್ಕಳಿಬ್ಬರೂ ನನ್ನನ್ನು ಪಾಲು ಮಾಡಿಕೊಂಡಿದ್ದಾರೆ. ಜಗಳವಾಡಿ ಅಲ್ಲ, ಪ್ರೀತಿಯಿಂದಲೇ. ಆರು ತಿಂಗಳು ಸಿಡ್ನಿಯ ಹ್ಯಾರಿಸ್ ಪಾರ್ಕ್‌ನಲ್ಲಿ ಮಗಳ ಮನೆ, ಆರು ತಿಂಗಳು ಮೆಲ್ಬರ್ನ್‌ನ ಕ್ರೇಗಿಬರ್ನ್‌ನಲ್ಲಿ ಮಗನ ಮನೆ. ನಾನು ಊರು ಬದಲಿಸುವಾಗ ನನ್ನ ಬಿ.ಪಿ. ಮಾತ್ರೆಯ ವಿಷಯ, ಮಂಡಿನೋವಿನ ವಿಷಯ ಎಲ್ಲ ಫೋನಿನಲ್ಲಿ ಹಸ್ತಾಂತರವಾಗುತ್ತದೆ. ಐ ಆಮ್ ನಾಟ್ ಎ ಪಾರ್ಸೆಲ್ ಎಂದು ಎಷ್ಟೋ ಸಲ ಹೇಳಿದ್ದೇನೆ. ಇಬ್ಬರೂ ನಗುತ್ತಾರೆ.

ನನಗೆ ಎಪ್ಪತ್ತು ತುಂಬಿದ ವರ್ಷ ಮೆಲ್ಬರ್ನ್‌ನಲ್ಲಿ ನೀರಿಗೆ ಬರ. ಮನಸ್ಸು ಬಂದಾಗ ಗಿಡಗಳಿಗೆ ಪೈಪ್ ಹಿಡಿಯುವಂತಿರಲಿಲ್ಲ. ಸ್ನಾನದ ನೀರನ್ನು ಬಕೆಟ್‌ನಲ್ಲಿ ಹಿಡಿದಿಟ್ಟು ನನ್ನ ಬಸಳೆ ಬಳ್ಳಿಗೆ ಹೊತ್ತು ಹಾಕುತ್ತಿದ್ದೆ. ಬಕೆಟ್ ಎತ್ತುವಾಗಲೆಲ್ಲ ಮಂಗಳೂರಿನ ಕಾನ್ವೆಂಟ್‌ನಲ್ಲಿ ಜಿಯಾಗ್ರಫಿ ಕಲಿಸುತ್ತಿದ್ದ ಸಿಸ್ಟರ್ ನೆನಪಾಗುತ್ತಿದ್ದರು. ಪೆರುವಿನ ಇಂಕಾ ಜನರು ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ತೋಟ ಮಾಡಿದ್ದು, ಕಲ್ಲಿನ ಕಾಲುವೆಯಲ್ಲಿ ನೀರನ್ನು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಇಳಿಸಿದ್ದು, ಎಲ್ಲವನ್ನೂ ಅವರು ಚಿತ್ರ ತೋರಿಸಿ ವಿವರಿಸಿದ್ದರು. "ಬಟ್ ಸಿಸ್ಟರ್, ಅಷ್ಟು ಎತ್ತರದಲ್ಲಿ ನೀರು ಬರೋದು ಎಲ್ಲಿಂದ?" ಎಂದು ಎದ್ದು ನಿಂತು ಕೇಳಿದ್ದೆ. "ಸಿಟ್ ಡೌನ್, ಚೈಲ್ಡ್," ಎಂದಿದ್ದರು. ಬೆಲ್ ಹೊಡೆದಿತ್ತು.

ಎಪ್ಪತ್ತರ ಹುಟ್ಟುಹಬ್ಬಕ್ಕೆ ಏನು ಬೇಕು ಎಂದು ಮಕ್ಕಳು ಕೇಳಿದಾಗ, ಪೆರುವಿಗೆ ಕರೆದುಕೊಂಡು ಹೋಗಿ, ಆ ನೀರು ಹುಟ್ಟುವ ಜಾಗ ನೋಡಬೇಕು ಎಂದೆ.

"ಗೋಲ್ಡ್ ಕೋಸ್ಟ್ ಆಗಲ್ವಾ ಅಮ್ಮ?" ಎಂದ ಮಗ.

ಆಗುವುದಿಲ್ಲ ಎಂದೆ. ಮಗಳು ಫಾರ್ಮಸಿಸ್ಟ್. ಅರ್ಧ ಸೂಟ್‌ಕೇಸ್ ಔಷಧಿ ತುಂಬಿಕೊಂಡು ಹೊರಟಳು. ಪೆರುವಿನಲ್ಲಿ ಇಳಿದ ಮೇಲೂ ಇವರ ಪಾಲುಪಟ್ಟಿ ಬಿಡಲಿಲ್ಲ. ಬೆಳಿಗ್ಗೆ ಅಮ್ಮನನ್ನು ನೋಡಿಕೊಳ್ಳುವುದು ಮಗಳ ಡ್ಯೂಟಿ, ಊಟದ ನಂತರ ಮಗನ ಡ್ಯೂಟಿ. ಮಗಳ ಪಾಳಿಯಲ್ಲಿ ಟೋಪಿ ಹಾಕಿಕೊಳ್ಳಬೇಕು, ಮಗನ ಪಾಳಿಯಲ್ಲಿ ನೀರು ಕುಡಿಯುತ್ತಲೇ ಇರಬೇಕು. ಇಬ್ಬರ ಪಾಳಿಯಲ್ಲೂ ಕೂತಿರಬೇಕು.

ಟಿಪೋನ್ ಎಂಬ ಆ ಜಾಗ ಕುಸ್ಕೋ ಪಟ್ಟಣದಿಂದ ಹೆಚ್ಚು ದೂರವಿಲ್ಲ. ವ್ಯಾನಿನಿಂದ ಇಳಿದರೆ ಎದುರಿಗೇ ಹಸಿರು ಮೆಟ್ಟಿಲುಗಳು, ಅವುಗಳ ಪಕ್ಕದಲ್ಲೇ ಗಲಗಲ ಎನ್ನುವ ನೀರು. ಕಲ್ಲಿನ ಬಾಯಿಗಳಿಂದ ಒಂದೇ ದಪ್ಪಕ್ಕೆ ಬೀಳುತ್ತಿತ್ತು. ಯಾರೂ ಬಕೆಟ್ ಇಟ್ಟಿರಲಿಲ್ಲ.

"ರಾತ್ರಿ ಇದನ್ನ ಎಲ್ಲಿ ಆಫ್ ಮಾಡ್ತಾರೆ?" ಎಂದು ಮಗ ಗೈಡ್ ಹುಡುಗಿಯನ್ನು ಇಂಗ್ಲಿಷಿನಲ್ಲಿ ಕೇಳಿದ. ನೂರಾರು ವರ್ಷದಿಂದ ಆಫ್ ಮಾಡಿಲ್ಲ ಎಂದಳು ಆಕೆ. ಒರತೆ ಇರುವುದು ಮೇಲಿನ ಮೆಟ್ಟಿಲುಗಳ ತುದಿಯಲ್ಲಿ, ನಿಧಾನವಾಗಿ ಹತ್ತಬಹುದು ಎಂದೂ ಸೇರಿಸಿದಳು.

ಹುಲ್ಲಿನ ಮೇಲೆ ಕೂತಿದ್ದ ನಾನು ಎದ್ದೆ.

"ಅಮ್ಮ, ಕೂತ್ಕೋ," ಎಂದಳು ಮಗಳು. "ಇಷ್ಟು ಎತ್ತರದ ಊರಲ್ಲಿ ಉಸಿರು ಕಟ್ಟುತ್ತೆ. ನಾವು ಮೇಲೆ ಹೋಗಿ ಫೋಟೋ ತಗೊಂಡು ಬರ್ತೀವಿ."

"ಫೋಟೋ ಸಿಸ್ಟರ್ ಆಗಲೇ ತೋರಿಸಿದಾರೆ."

"ಯಾವ ಸಿಸ್ಟರ್? ಆಸ್ಪತ್ರೇಲಾ?"

ಮತ್ತೆ ಕೂತೆ. ಸಿಡ್ನಿ ಬಿಟ್ಟಾಗಿನಿಂದ ಆ ಸಿಸ್ಟರ್ ಕಥೆ ಹೇಳಿ ಹೇಳಿ ಬಾಯಿ ಸೋತಿತ್ತು. ಇಷ್ಟು ದೂರ ಹಾರಿ ಬಂದು, ಹುಲ್ಲಿನ ಮೇಲೆ ಕೂತು ಚಪಾತಿ ತಿಂದು ಹೋಗುವುದೇ? ಇನ್ನೊಂದು ಸಲ ಇಲ್ಲಿಗೆ ನನ್ನನ್ನು ಯಾರು ಕರೆತರುತ್ತಾರೆ?

ಚಟ್ನಿಪುಡಿ ಹಚ್ಚಿದ ಚಪಾತಿ ಮುಗಿಯಿತು. ಮಗಳು ಕೈ ಒರೆಸಿಕೊಂಡು, "ಇನ್ನು ನಿನ್ನ ಟರ್ನ್ ಕಣೋ," ಎಂದು ಕ್ಯಾಮೆರಾ ತೆಗೆದುಕೊಂಡು ಹೋದಳು. ಮಗ ಆಗ ನಮ್ಮತ್ತ ಬೆನ್ನು ತಿರುಗಿಸಿ ಗೈಡ್ ಜೊತೆ ಕಾಲುವೆಯ ಇಳಿಜಾರಿನ ಚರ್ಚೆಯಲ್ಲಿ ಮುಳುಗಿದ್ದ. ಮಗಳ ಮಾತು ಅವನ ಕಿವಿಗೆ ಬಿದ್ದೇ ಇರಲಿಲ್ಲ. ನಾನು ಇನ್ನೂ ಅಕ್ಕನ ಹತ್ತಿರವೇ ಇದ್ದೇನೆ ಎಂದುಕೊಂಡಿದ್ದ.

ಟೋಪಿಯನ್ನು ಹುಲ್ಲಿನ ಮೇಲೇ ಬಿಟ್ಟು ಹೊರಟೆ. ಸೀರೆಯ ನೆರಿಗೆ ಎತ್ತಿ ಹಿಡಿದು, ನಾಲ್ಕು ಹೆಜ್ಜೆಗೊಮ್ಮೆ ಗೋಡೆ ಹಿಡಿದು ನಿಂತು, ಮತ್ತೆ ಹತ್ತಿದೆ. ಎದೆ ನಗಾರಿಯಂತೆ ಬಡಿಯುತ್ತಿತ್ತು. ಮಗಳು ಹೇಳಿದ್ದು ಸರಿಯೇ ಎಂದು ಒಪ್ಪಿಕೊಳ್ಳಬೇಕಾಗಿ ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ತುದಿಯಲ್ಲಿ ಬೆಟ್ಟವೇನೂ ಬಾಯಿ ತೆರೆದಿರಲಿಲ್ಲ. ಒಂದಿಷ್ಟು ಕಲ್ಲು, ಪಾಚಿ. ಅವುಗಳ ಸಂದಿನಿಂದ ಸದ್ದಿಲ್ಲದೆ ಹೊರಬರುವ ನೀರು. ಇಷ್ಟೇನಾ? ಹೌದು, ಇಷ್ಟೇ. ಬೆರಳು ಅದ್ದಿದೆ. ಮೂಳೆಯವರೆಗೂ ತಣ್ಣಗಾಯಿತು. ತೆಗೆಯಲು ಮನಸ್ಸಾಗಲಿಲ್ಲ.

ಆಗ ಕೆಳಗಿನಿಂದ ಇಬ್ಬರೂ ಏದುಸಿರು ಬಿಡುತ್ತ ಹತ್ತಿ ಬಂದರು.

"ಯು ವರ್ ಸಪೋಸ್ಡ್ ಟು ವಾಚ್ ಹರ್!"

"ನೀನು ಹೇಳ್ಲೇ ಇಲ್ವಲ್ಲೇ!"

"ಹೇಳ್ದೆ! ನಿಂಗೆ ಕಾಲುವೆ ಮುಖ್ಯ!"

ನನ್ನ ತಲೆಯ ಮೇಲೆಯೇ ಜಗಳ. ನಾನು ಇಲ್ಲವೇ ಇಲ್ಲ ಎಂಬಂತೆ.

"ಸ್ಟಾಪ್ ಇಟ್, ಬೋತ್ ಆಫ್ ಯು," ಎಂದೆ. ಮದುವೆಯಾದಾಗಿನಿಂದ ನನ್ನ ದನಿ ಅಷ್ಟು ಜೋರಾಗಿ ಕೇಳಿದ ನೆನಪಿಲ್ಲ. "ಇನ್ನು ಸ್ವಲ್ಪ ಹೊತ್ತು ನಾನು ಯಾರ ಡ್ಯೂಟಿಯಲ್ಲೂ ಇಲ್ಲ. ನೀವಿಬ್ಬರೂ ಕೂತ್ಕೊಳ್ಳಿ."

ಕೂತರು. ನಾನು ನಿಂತೇ ಇದ್ದೆ. ನನ್ನನ್ನು ಕೆಳಗಿಳಿಸುವುದು ಯಾರು ಎಂದು ಹಿಂದೆ ಪಿಸುಪಿಸು ಶುರುವಾಗಿತ್ತು. ತಿರುಗಿ ನೋಡದೆ, ಕಲ್ಲಿನ ಸಂದಿನಿಂದ ಬರುತ್ತಿದ್ದ ನೀರನ್ನೇ ನೋಡಿದೆ.