ಮೌಶಿಯ ಬಿಸ್ಕಿಟ್ ಡಬ್ಬಿ

ಮೌಶಿಯ ಬಲಗೈ ಹೆಬ್ಬೆರಳಿನ ಉಗುರು ಸದಾ ಹಳದಿ. ರೊಟ್ಟಿ ಬಡಿದು ಬಡಿದು ಅವಳ ಅಂಗೈಯ ಗೆರೆಗಳು ಸವೆದು ಹೋಗಿದ್ದವು. ಮುಂಗೈ ತುಂಬ ಶೇಗಡಿ ಒಲೆಯ ಕೆಂಡ ತಾಗಿದ ಹಳೆಯ ಕಲೆಗಳು, ಒಂದರ ಮೇಲೊಂದು. ಆದರೂ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಆ ಉಗುರೇ. ಚಾಳಿನಲ್ಲಿ ಯಾರಾದರೊಬ್ಬರ ಗಾಯಕ್ಕೆ ಅರಿಶಿನ ಮೆತ್ತದೆ ಅವಳಿಗೆ ಹೊತ್ತು ಮುಳುಗುತ್ತಿರಲಿಲ್ಲ. ಎಷ್ಟು ಸೋಪು ಹಾಕಿ ತಿಕ್ಕಿದರೂ ಆ ಬಣ್ಣ ಉಗುರಿನ ಸಂದಿಯಲ್ಲಿ ಉಳಿದೇ ಇರುತ್ತಿತ್ತು.

ಅರವತ್ತರ ದಶಕ ಮುಗಿಯುತ್ತಿದ್ದಾಗ ನಾನು ಮದುವೆಯಾಗಿ ಉಡುಪಿ ಕಡೆಯಿಂದ ಮಲಾಡಿನ ಆ ಚಾಳಿಗೆ, ಒಂದೊಂದೇ ಖೋಲಿಯ ಮನೆಗಳ ಸಾಲು ವಠಾರಕ್ಕೆ, ಬಂದೆ. ನಮ್ಮವರಿಗೆ ಫೋರ್ಟಿನಲ್ಲಿ ಗುಮಾಸ್ತೆ ಕೆಲಸ. ಬೆಳಗಿನ ಲೋಕಲ್ ಹಿಡಿದು ಹೋದರೆ ಮತ್ತೆ ಮುಖ ಕಾಣುವುದು ದೀಪ ಹಚ್ಚಿದ ಮೇಲೆಯೇ. ಅಷ್ಟು ಹೊತ್ತೂ ನನಗೆ ಜೊತೆಯೆಂದರೆ ಪಕ್ಕದ ಖೋಲಿಯ ಮೌಶಿ. ಮೌಶಿ ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಇಡೀ ಚಾಳು ಅವಳನ್ನು ಹಾಗೇ ಕರೆಯುತ್ತಿತ್ತು. ಬಿಜಾಪುರ ಕಡೆಯವಳು. ಗಂಡ ಗೌಂಡಿ, ಮಲಾಡಿನಲ್ಲಿ ಏಳುತ್ತಿದ್ದ ಬಿಲ್ಡಿಂಗುಗಳ ಗೋಡೆ ಕಟ್ಟುವವನು. ಮಕ್ಕಳಿರಲಿಲ್ಲ. ತಮ್ಮ ಸೀಮೆಯಿಂದ ಒಂಟಿಯಾಗಿ ಬಂದು ದುಡಿಯುವ ಗಂಡಸರಿಗೆಲ್ಲ ಮೌಶಿ ಜೋಳದ ರೊಟ್ಟಿ ಮಾಡಿ ಕೊಡುತ್ತಿದ್ದಳು. ಬೆಳಿಗ್ಗೆ ನನಗೆ ಎಚ್ಚರವಾಗುತ್ತಿದ್ದುದೇ ಗೋಡೆಯಾಚೆಯ ಆ ಪಟಪಟ ಸದ್ದಿಗೆ.

ಮೊದಲ ವಾರ ನಾನು ಅವಳಿಗೆ ‘ನೀವು’ ಎಂದೆ. ಅವಳು ಕತ್ತು ತಿರುಗಿಸಿ ಬೆನ್ನ ಹಿಂದೆ ನೋಡಿದಳು.

“ನನ್ನ ಹಿಂದ ಮತ್ಯಾರರ ನಿಂತಾರೇನವ್ವಾ?”

“ಇಲ್ಲ ಮೌಶಿ, ನಿಮಗೇ ಹೇಳಿದ್ದು.”

“ಹಂಗಾರ ‘ನೀ’ ಅನ್ನು. ‘ನೀವು’ ಅಂದ್ರ ನನಗ ಪೋಲೀಸ್ ಬಂದಂಗ ಆಕ್ಕತಿ.”

ಅಂದಿನಿಂದ ಅವಳು ನನಗೆ ‘ನೀನು’, ನಾನು ಅವಳಿಗೆ ‘ತಂಗಿ’. ನಮ್ಮ ಕರಾವಳಿಯ ಅಡುಗೆ ಅವಳಿಗೆ ದೊಡ್ಡ ತಮಾಷೆ. “ಕೊಬ್ಬರಿ ಇಲ್ಲದ ಊರಾಗ ನಿಮ್ಮ ಮಂದಿ ಉಪಾಸ ಸಾಯ್ತೀರಿ ನೋಡು” ಎಂದು ಆಡಿಕೊಳ್ಳುತ್ತಲೇ, ನಾನು ಕೊಟ್ಟ ಬಟ್ಟಲನ್ನು ಬೆರಳಿನಿಂದ ಬಳಿದು ಖಾಲಿ ಮಾಡುತ್ತಿದ್ದಳು. ಏನನ್ನೂ ಚೆಲ್ಲುವ ಮಾತು ಅವಳಲ್ಲಿರಲಿಲ್ಲ. ಒಣಗಿದ ರೊಟ್ಟಿ ಬೆಳ್ಳುಳ್ಳಿ ಹಾಕಿ ಕುಟ್ಟಿದ ಮುಟಗಿಯಾಗುತ್ತಿತ್ತು, ಹರಿದ ಸೀರೆ ಕೌದಿಯಾಗುತ್ತಿತ್ತು, ಶೇಗಡಿಯ ಬೂದಿ ಪಾತ್ರೆ ಬೆಳಗುತ್ತಿತ್ತು.

ನನ್ನ ಮಗಳು ನಡೆಯಲು ಕಲಿತು ಸ್ವಲ್ಪ ದಿನಗಳಾಗಿದ್ದವು. ಆಗಷ್ಟೇ ಇಳಿಸಿಟ್ಟ ಗಂಜಿಯ ಪಾತ್ರೆಯ ಅಂಚು ಹಿಡಿದು ಎಳೆದಳು. ಗಂಜಿಯೆಲ್ಲ ತೊಡೆಯ ಮೇಲೆ. ನನ್ನ ಕಿರುಚಾಟಕ್ಕೆ ಖೋಲಿಗಳ ಮುಂದಿನ ಗ್ಯಾಲರಿಯಲ್ಲಿದ್ದವರೆಲ್ಲ ಒಳಗೆ ನುಗ್ಗಿದರು. ಒಬ್ಬರ ಕೈಯಲ್ಲಿ ಶಾಯಿ ಬಾಟಲಿ, ಇನ್ನೊಬ್ಬರ ಕೈಯಲ್ಲಿ ಟೂತ್‌ಪೇಸ್ಟು. ಮೌಶಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

“ಶಾಯಿಗೀಯಿ ಏನೂ ಹಚ್ಚಬ್ಯಾಡ್ರಿ! ಸರೀರಿ ಆಕಡೆ! ತಂಗಿ, ನೀರು ಹಾಕು. ಅಳೂದು ಆಮ್ಯಾಲ, ಮೊದಲ ನೀರು ಹಾಕು.”

ಗಲ್ಲಿಯ ಡಾಕ್ಟರರು ನೋಡಿ ಮುಲಾಮು ಕೊಟ್ಟರು. ಆದರೂ ಒಂದು ಮೂಲೆಯಲ್ಲಿ ಗಾಯ ಒಸರತೊಡಗಿತು. ಪವಾಯಿ ಕೆರೆಯ ಆಚೆ ಕಲ್ಲು ಕ್ವಾರಿಯಲ್ಲಿ ಮೌಶಿಯ ಊರಿನವನೊಬ್ಬ ಕೆಲಸ ಮಾಡುತ್ತಿದ್ದ. ಅವನು ಅಲ್ಲಿಯ ಬಂಡೆಗಳಿಂದ ಇಳಿಸಿದ ಜೇನು ಮೌಶಿಯ ಗೋಡೆಗೂಡಿನಲ್ಲಿ ಸದಾ ಒಂದು ಬಾಟಲಿ ಇರುತ್ತಿತ್ತು. ಅವಳು ಹಳೆಯ ಹತ್ತಿ ಸೀರೆಯ ಚೂರುಗಳನ್ನು ಬೇವಿನ ಎಲೆಯ ಜೊತೆ ಕುದಿಸಿ, ಬಿಸಿಲಿಗೆ ಒಣಗಿಸಿ, ಜೇನು ಸವರಿ ಕಟ್ಟುತ್ತಿದ್ದಳು. ಬಿಚ್ಚುವಾಗ ಮಗು ಅಳಬಾರದೆಂದು ಬೆಚ್ಚಗಿನ ನೀರು ಹನಿಸಿ ಹನಿಸಿ ಬಟ್ಟೆ ತಾನಾಗಿ ಬಿಡುವತನಕ ಕಾಯುತ್ತಿದ್ದಳು. ಅಷ್ಟು ಹೊತ್ತು ಒಲೆಯ ಮೇಲೆ ಹಂಚು ಕಾಯ್ದು ಹೊಗೆಯೇಳುತ್ತಿದ್ದರೂ ಏಳುತ್ತಿರಲಿಲ್ಲ. ಡಾಕ್ಟರರು ಮತ್ತೆ ನೋಡಿದಾಗ, “ಚೆನ್ನಾಗಿ ಮಾಯುತ್ತಿದೆ, ಇದನ್ನೇ ಮುಂದುವರಿಸಿ” ಎಂದರು. ಈಗ ಅಲ್ಲಿ ಉಳಿದಿರುವುದು ವೀಳ್ಯದೆಲೆಯಷ್ಟಗಲದ ಒಂದು ತಿಳಿ ಕಲೆ ಮಾತ್ರ.

ಆ ಜೇನಿನ ಬಾಟಲಿಯ ಪಕ್ಕದಲ್ಲೇ ಗಿಳಿಯ ಚಿತ್ರದ ಒಂದು ಬಿಸ್ಕಿಟ್ ಡಬ್ಬಿ ಇತ್ತು. ಅದರಲ್ಲಿ ಬಿಸ್ಕಿಟ್ ಇದ್ದದ್ದನ್ನು ಕಂಡವರಿಲ್ಲ. ಇದ್ದದ್ದು ಗುಳಿಗೆ. ನಮ್ಮ ಚಾಳಿನಲ್ಲಿ ಒಂದು ರೂಢಿ ಬೆಳೆದುಬಿಟ್ಟಿತ್ತು. ಡಾಕ್ಟರರು ಬರೆದುಕೊಟ್ಟ ಕ್ಯಾಪ್ಸೂಲು ಜ್ವರ ಇಳಿಯುವತನಕ ತೆಗೆದುಕೊಳ್ಳುವುದು. ಇಳಿದ ಮೇಲೆ ಉಳಿದದ್ದನ್ನು ಕಾಗದದಲ್ಲಿ ಸುತ್ತಿ ಮೌಶಿಗೆ ಕೊಡುವುದು. ಮುಂದೆ ಯಾರಿಗಾದರೂ ಮೈ ಕಾದರೆ ಅವಳ ಬಳಿ ಬರುವುದು. ಹೆಪ್ಪಿಗೆ ಮೊಸರು ಕೇಳಿದಂತೆ. ನಾವೂ ಕೊಟ್ಟಿದ್ದೇವೆ, ತಂದಿದ್ದೇವೆ. ಅದರಲ್ಲಿ ತಪ್ಪಿದೆಯೆಂದು ಯಾರಿಗೂ ಅನಿಸಿರಲಿಲ್ಲ. ಒಳ್ಳೆಯ ಔಷಧಿ ಹಾಳಾಗದೆ ಒಬ್ಬರಿಗೆ ಉಪಯೋಗವಾಯಿತಲ್ಲ ಎಂದು ಸಮಾಧಾನವೇ ಇತ್ತು.

ಮೌಶಿಗೆ ಓದು ಬರಹ ಇರಲಿಲ್ಲ. ಬಣ್ಣದಿಂದ ಗುರುತು ಹಿಡಿಯುತ್ತಿದ್ದಳು. “ಹಳದಿ ಜ್ವರಕ್ಕ, ಕೆಂಪು-ಕರಿ ಕೀವಿಗೆ, ಬಿಳೀವು ಹೊಟ್ಟಿಗೆ.” ಮೆಟ್ಟಿಲ ಜಿನೆಯ ಪಕ್ಕದ ಖೋಲಿಯಲ್ಲಿದ್ದ ಮರಾಠಿ ಹೆಂಗಸಂತೂ ಬಾಗಿಲಲ್ಲೇ ನಿಂತು “ಮೌಶಿ, ಏಕ್ ಪಿವಳೀ ದೇ ನಾ” ಎಂದು ಹಳದಿ ಗುಳಿಗೆಯನ್ನು ಈರುಳ್ಳಿ ಕೇಳಿದ ಹಾಗೆ ಕೇಳುತ್ತಿದ್ದಳು. ಮೌಶಿ ತಾನೂ ಹಾಗೇ. ಕೈ ಸುಟ್ಟು ಬಾತುಕೊಂಡರೆ ಅರಿಶಿನ ಮೆತ್ತಿ, ಮೇಲೊಂದು ಕೆಂಪು-ಕರಿ ನುಂಗಿ, ನೋವು ಕಡಿಮೆಯಾದೊಡನೆ ಬಿಟ್ಟುಬಿಡುವಳು.

“ಎಷ್ಟು ದಿವಸ ತಗೋಬೇಕು ಮೌಶಿ ಇದನ್ನು?” ಎಂದು ನಾನೊಮ್ಮೆ ಕೇಳಿದ್ದೆ.

“ಅರಿಷಿಣ ಯಾರರ ಅಳದು ಹಾಕ್ತಾರೇನ ಹುಚ್ಚಿ? ಬ್ಯಾನಿ ಹೋಗೂತನಾ ಹಾಕೂದು, ಹೋದಮ್ಯಾಲ ಎತ್ತಿಡೂದು.”

ಎಪ್ಪತ್ತರ ದಶಕದ ನಡುವಿನ ಒಂದು ಮಳೆಗಾಲ. ಚಾಳಿನ ಅಂಗಳದಲ್ಲಿ ಕಣಕಾಲುದ್ದ ನೀರು. ನಳದ ಹತ್ತಿರ ಕೊಡ ಎತ್ತುವಾಗ, ನೀರಿನಡಿ ಬಿದ್ದಿದ್ದ ಮುರುಕು ತಗಡಿನ ಪತ್ರಾ ಮೌಶಿಯ ಅಂಗಾಲನ್ನು ಸೀಳಿತು. ಕೊಡವನ್ನು ಮಾತ್ರ ಚೆಲ್ಲಲಿಲ್ಲ. ಕುಂಟಿಕೊಂಡೇ ಮೆಟ್ಟಿಲು ಹತ್ತಿದಳು. ಎಂದಿನಂತೆ ಅರಿಶಿನ, ಎಂದಿನಂತೆ ಡಬ್ಬಿಯ ಕ್ಯಾಪ್ಸೂಲು. ನೋವು ಇಳಿಯಿತು, ನಿಲ್ಲಿಸಿದಳು. ಮತ್ತೆ ಬಾತುಕೊಂಡಿತು, ಇನ್ನೊಂದು ಬಣ್ಣದ್ದು ನುಂಗಿದಳು. ಗಣಪತಿ ಹಬ್ಬಕ್ಕೆ ಕಡುಬು ಮಾಡಿ ಹಂಚಿದವಳು ದಸರೆಯ ಹೊತ್ತಿಗೆ ಕಾಲು ಕೆಳಗಿಡಲಾರದೆ ಹೋದಳು. ಗೋಡೆಯಾಚೆಯ ಪಟಪಟ ಸದ್ದು ನಿಂತಿತು. ಗಲ್ಲಿಯ ಡಾಕ್ಟರರು ಪೆನಿಸಿಲಿನ್ ಚುಚ್ಚಿ ನೋಡಿದರು, ಗುಣ ಕಾಣಲಿಲ್ಲ. “ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ತಡ ಮಾಡಬೇಡಿ” ಎಂದರು. ಗೌಂಡಿ ಹೆಂಡತಿಯನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲಿಳಿದ. ಅವಳು ಆಗಲೂ, “ಇಟ್ಟಂಗಿ ಹೊತ್ತ ಬೆನ್ನು, ನಾ ಹಗೂರ ಅನಸ್ತೀನಿ ಇವಂಗ” ಎಂದು ನಮ್ಮನ್ನು ನಗಿಸಲು ನೋಡಿದಳು.

ಆಸ್ಪತ್ರೆಯಲ್ಲಿ ಕೀವು ಪರೀಕ್ಷೆಗೆ ಕಳಿಸಿದರು. ನೋಡಿಕೊಳ್ಳುತ್ತಿದ್ದವಳು ಒಬ್ಬ ಮರಾಠಿ ಡಾಕ್ಟರಮ್ಮ, ಚಿಕ್ಕ ವಯಸ್ಸು. ಇದಕ್ಕೆ ಮೊದಲು ಏನೇನು ಔಷಧಿ ತೆಗೆದುಕೊಂಡಿದ್ದೀರಿ ಎಂದು ಕೇಳಿದಳು. ಮೌಶಿ ನನ್ನ ಕಡೆ ತಿರುಗಿ, “ಡಬ್ಬಿ ತಂದು ತೋರಸವಾ” ಎಂದಳು. ಅವಳ ದನಿಯಲ್ಲಿ ಹೆಮ್ಮೆಯಿತ್ತು.

ಮರುದಿನ ಒಯ್ದೆ. ಡಾಕ್ಟರಮ್ಮ ಮುಚ್ಚಳ ತೆಗೆದು ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದಳು.

“ಇದೆಲ್ಲ ಯಾರದು?”

“ಇಡೀ ಚಾಳಿಂದು” ಎಂದಳು ಮೌಶಿ, ತನ್ನ ಮುರುಕು ಮರಾಠಿಯಲ್ಲಿ. “ಯಾರಿಗೆ ಬೇಕೋ ಅವರಿಗೆ.”

ಆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬೈಯಲಿಲ್ಲ. ಮಂಚದ ಅಂಚಿನಲ್ಲಿ ಕೂತು, ಮೌಶಿಯ ಹಳದಿ ಉಗುರಿನ ಕೈ ಹಿಡಿದುಕೊಂಡು ನಿಧಾನವಾಗಿ ಹೇಳಿದಳು. ಅರಿಶಿನವನ್ನು ಅರ್ಧಕ್ಕೆ ಬಿಟ್ಟರೆ ಏನೂ ಆಗುವುದಿಲ್ಲ ಮೌಶಿ. ಇವನ್ನು ಅರ್ಧಕ್ಕೆ ಬಿಟ್ಟರೆ ಬಲವಿಲ್ಲದ ಕ್ರಿಮಿಗಳು ಸತ್ತು ಗಟ್ಟಿಯಾದವು ಉಳಿದುಕೊಳ್ಳುತ್ತವೆ. ಉಳಿದವು ಹೆಚ್ಚುತ್ತವೆ. ಮತ್ತೆ ಅದೇ ಔಷಧಿ ಕೊಟ್ಟರೆ ಅವಕ್ಕೆ ನಾಟುವುದಿಲ್ಲ. ನಿಮ್ಮ ಕಾಲಿನಲ್ಲಿರುವವು ಅಂಥವು. ಈ ಡಬ್ಬಿಯಲ್ಲಿರುವ ಯಾವುದಕ್ಕೂ ಅವು ಜಗ್ಗುತ್ತಿಲ್ಲ. ಬೇರೊಂದು ಇದೆ, ತರಿಸಿ ಕೊಡುತ್ತೇವೆ. ಆದರೆ ಎಲುಬಿನತನಕ ಹೋಗಿಬಿಟ್ಟಿದೆ.

“ಜೇನುತುಪ್ಪ ಕಟ್ಟಿದರೆ ಆಗುವುದಿಲ್ಲವೇ?” ಎಂದು ನಾನು ಕೇಳಿದೆ. ನನ್ನ ಮಗಳ ತೊಡೆ ಕಣ್ಣೆದುರು ಇತ್ತು.

ಉತ್ತರ ಕೊಟ್ಟವಳು ಮೌಶಿಯೇ. “ಅದು ಮ್ಯಾಲಿನ ಗಾಯಕ್ಕ ತಂಗಿ. ಎಲುವಿಗೆ ಮುಟ್ಟಂಗಿಲ್ಲ.”

ಡಾಕ್ಟರಮ್ಮ ಕ್ಯಾಪ್ಸೂಲುಗಳನ್ನೆಲ್ಲ ತೆಗೆದುಕೊಂಡು ಖಾಲಿ ಡಬ್ಬಿಯನ್ನು ನನಗೆ ಕೊಟ್ಟಳು.

ಹೊಸ ಔಷಧಿ ಕೊಟ್ಟರು. ಜ್ವರ ಒಂದಿಷ್ಟು ಇಳಿದು ಮತ್ತೆ ಏರಿತು. ಜೀವ ಉಳಿಯಬೇಕಾದರೆ ಮೊಣಕಾಲಿನ ಕೆಳಗೆ ತೆಗೆಯಬೇಕು ಎಂದರು. ಗೌಂಡಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಅವನಿಗೆ ಧೈರ್ಯ ಹೇಳಿದವಳೂ ಅವಳೇ. “ರೊಟ್ಟಿ ಬಡಿಯೂದು ಕೈಲೆ. ಒಂದು ಕಾಲು ಹೋದ್ರ ಹೋಗವಲ್ದ್ಯಾಕ. ನೀ ಅಂಗಠಾ ಒತ್ತು.” ಅವನು ಒಪ್ಪಿಗೆಯ ಕಾಗದಕ್ಕೆ ಹೆಬ್ಬೆರಳು ಒತ್ತಿದ. ಕಾಲು ತೆಗೆದರು. ಆದರೆ ನಂಜು ಅಷ್ಟರಲ್ಲಿ ರಕ್ತಕ್ಕೆ ಇಳಿದಿತ್ತು.

ಆ ದಿನಗಳಲ್ಲಿ ಅವಳು ತನ್ನ ಕಾಲಿನ ಮಾತೆತ್ತಲಿಲ್ಲ. ಕೊರೆಯುತ್ತಿದ್ದುದು ಬೇರೆಯೇ. ಒಂದು ಮಧ್ಯಾಹ್ನ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಅವಳು ಆಗಲೇ ಶಾಲೆಗೆ ಹೋಗುವ ಹುಡುಗಿ. ಮೌಶಿ ಕಣ್ಣು ಮುಚ್ಚಿಕೊಂಡೇ ಚಾಳಿನ ಖೋಲಿಗಳನ್ನು ಒಂದೊಂದಾಗಿ ನೆನೆಯುತ್ತಿದ್ದಳು: ಯಾರಿಗೆ ಹಳದಿ, ಯಾರಿಗೆ ಬಿಳಿ. ಆಮೇಲೆ ನನ್ನ ಮುಖ ನೋಡಿದಳು.

“ಖರೇ ಹೇಳು ತಂಗಿ. ನಾ ಕೊಟ್ಟಿದ್ದೆಲ್ಲಾ ವಿಷ ಆತೇನು?”

ಮಗಳ ಲಂಗವನ್ನು ತುಸು ಸರಿಸಿ ಆ ಕಲೆಯನ್ನು ತೋರಿಸಿದೆ. ಮೌಶಿ ಕೈ ಚಾಚಿ ಅದನ್ನು ಮುಟ್ಟಿದಳು. ಆಸ್ಪತ್ರೆಗೆ ಸೇರಿ ಅಷ್ಟು ದಿನವಾಗಿದ್ದರಿಂದ ಉಗುರಿನ ಹಳದಿ ಬುಡದಿಂದ ಬಿಟ್ಟುಕೊಂಡು ಬರುತ್ತಿತ್ತು.

“ಇದು ಬ್ಯಾರೆ, ಅದು ಬ್ಯಾರೆ” ಎಂದಳು. “ನನಗ ಎರಡೂ ಒಂದ ಅನಿಸಿತ್ತು.” ಉಸಿರು ಎಳೆದುಕೊಂಡು ಮತ್ತೆ ಹೇಳಿದಳು: “ಚಾಳಿನ ಮಂದಿಗೆ ಹೇಳವಾ, ಕೊಟ್ಟಿದ್ದನ್ನ ಪೂರಾ ತಗೋರಿ, ಅರ್ಧಾ ಬಿಡಬ್ಯಾಡ್ರಿ ಅಂತ. ಡಾಕ್ಟರ್ ಅಂದ್ರ ಯಾರೂ ಕೇಳಂಗಿಲ್ಲ. ಮೌಶಿ ಹೇಳ್ಯಾಳ ಅನ್ನು.”

ದೀಪಾವಳಿಗೆ ಮುಂಚೆಯೇ ಅವಳು ಹೋದಳು. ಕ್ವಾರಿಯಿಂದ, ಬಿಲ್ಡಿಂಗ್ ಕೆಲಸಗಳಿಂದ ಅವಳ ರೊಟ್ಟಿ ಉಂಡವರೆಲ್ಲ ಬಂದಿದ್ದರು. ಕೆಲವರ ಮೈಮೇಲೆ ಸಿಮೆಂಟಿನ ಧೂಳು ಹಾಗೇ ಇತ್ತು. ದಿನಕರ್ಮ ಮುಗಿಸಿ ಗೌಂಡಿ ಖೋಲಿ ಬಿಟ್ಟು ಊರಿಗೆ ಹೊರಟ. ಹೊರಡುವಾಗ ರೊಟ್ಟಿಯ ಹಂಚನ್ನು ನನ್ನ ಬಾಗಿಲಲ್ಲಿ ಇಟ್ಟು ನಡೆದ.

ನಾನು ಮನೆ ಮನೆಗೆ ಹೋಗಿ ಮೌಶಿಯ ಮಾತು ಹೇಳಿದ್ದೆ. ಎಲ್ಲರೂ ತಲೆಯಾಡಿಸಿದ್ದರು. ಜಿನೆಯ ಪಕ್ಕದ ಆ ಹೆಂಗಸು ಮಾತ್ರ ಆಗ ತವರಿಗೆ ಹೋಗಿದ್ದಳು. ಚಳಿ ಶುರುವಾದಾಗ ಒಂದು ಬೆಳಿಗ್ಗೆ ಅವಳು ನನ್ನ ಬಾಗಿಲಿಗೆ ಬಂದಳು. ಕೈಯಲ್ಲಿ ಕಾಗದದ ಪುಟ್ಟ ಪೊಟ್ಟಣ.

“ವಹಿನಿ, ಮಗನಿಗೆ ಗಂಟಲು ಬಾತಿತ್ತು. ನಿನ್ನೆ ಜ್ವರ ಬಿಟ್ಟಿತು. ಇವು ಉಳಿದಿವೆ” ಎಂದಳು ಮರಾಠಿಯಲ್ಲಿ. “ಮೌಶಿ ಇಲ್ಲವಲ್ಲ, ಇನ್ನು ನೀವೇ ಇಟ್ಟುಕೊಳ್ಳಿ.”

ಪೊಟ್ಟಣ ಬಿಚ್ಚಿ ನೋಡಿದೆ. ಕೆಂಪು-ಕರಿ. ಮತ್ತೆ ಹಾಗೇ ಸುತ್ತಿ ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದೆ.

“ಅವನಿಗೇ ಪೂರಾ ಕೊಟ್ಟು ಮುಗಿಸಿ.”

“ಡಾಕ್ಟರೂ ಹಾಗೇ ಅಂದಿದ್ದರು. ಆದರೆ ಜ್ವರ ಹೋಯಿತಲ್ಲ, ಸುಮ್ಮನೆ ಯಾಕೆ...”

“ಮೌಶಿ ಹೇಳಿದ್ದಾಳೆ.”

ಅವಳು ನನ್ನ ಮುಖ ನೋಡಿದಳು. ಆಮೇಲೆ ನನ್ನ ಹೆಗಲ ಮೇಲಿಂದ ಒಳಗೆ, ಗೂಡಿನಲ್ಲಿದ್ದ ಗಿಳಿಯ ಡಬ್ಬಿಯನ್ನು ನೋಡಿದಳು. ಈಗ ಅದರಲ್ಲಿ ಅರಿಶಿನದ ಕೊಂಬುಗಳಿದ್ದವು. ಸೆರಗಿನಿಂದ ಕಣ್ಣೊರೆಸಿಕೊಂಡು, ಪೊಟ್ಟಣ ಹಿಡಿದು ಹಿಂದಿರುಗಿದಳು. ಗ್ಯಾಲರಿಯ ಆ ತುದಿಯಲ್ಲಿ ಅವಳು ಮಗನನ್ನು ಆಟದಿಂದ ಕೂಗಿ ಕರೆದದ್ದು, ಮಡಕೆಯಿಂದ ಲೋಟಕ್ಕೆ ನೀರು ಬಗ್ಗಿಸಿದ್ದು ನನಗೆ ಇಲ್ಲಿಗೇ ಕೇಳಿಸಿತು.