ರುಚಿ ನೋಡದ ಅಡಿಗೆಯವರು

ವಕ್ಕಲೇರಿ ಸುತ್ತ ಮದುವೆ ಅಂದರೆ ಒಲೆ ಹಚ್ಚೋಕೆ ನಮ್ಮ ಭಾವ ಸೊಣ್ಣಪ್ಪನವರೇ ಬರಬೇಕು. ಹೂರಣ ರುಬ್ಬುವಾಗ ಒಂದು ಉಂಡೆ, ಪಾಯಸ ಕುದಿಯುವಾಗ ಒಂದು ಲೋಟ, ಹೀಗೆ ರುಚಿ ನೋಡಿ ನೋಡಿಯೇ ಅವರ ಹೊಟ್ಟೆ ಒಂದು ಗೇಣು ಮುಂದೆ ಬಂದಿತ್ತು.

'ಅಡಿಗೆಯವನ ಹೊಟ್ಟೆ ನೋಡಿಯೇ ಜನ ವೀಳ್ಯ ಕೊಟ್ಟು ಕೆಲಸಕ್ಕೆ ಕರೆಯೋದು ಕಣೋ' ಅನ್ನೋರು.

ಎಂಬತ್ತೆರಡನೇ ಇಸವಿಯಲ್ಲಿ ಅವರ ಅಣ್ಣ ಆವಲಪ್ಪ ಲಿವರಿನಲ್ಲಿ ಕ್ಯಾನ್ಸರ್ ಗೆಡ್ಡೆ ಬೆಳೆದು ತೀರಿಕೊಂಡರು. ಅವರಿಗೆ ಹೆಪಟೈಟಿಸ್ ಬಿ ಇತ್ತು ಅಂತ ಬೆಂಗಳೂರಿನ ಡಾಕ್ಟರು ಮನೆಯವರ ರಕ್ತವನ್ನೂ ನೋಡಿದರು. ಭಾವನ ರಕ್ತದಲ್ಲೂ ಅದೇ ವೈರಸ್ಸು. ಜೊತೆಗೆ ಸಕ್ಕರೆ ಕಾಯಿಲೆ.

'ನಾನು ಹೆಂಡ ಮುಟ್ಟಿದವನಲ್ಲ ಸ್ವಾಮಿ' ಅಂದರು ಭಾವ.

'ಲಿವರ್ ಕೆಡಿಸೋದು ಹೆಂಡ ಒಂದೇ ಅಲ್ಲ. ಈ ವೈರಸ್ ಓಡಿಸೋ ಮದ್ದು ನನ್ನ ಹತ್ತಿರ ಇಲ್ಲ. ಅದು ಕೂತಿರೋ ಲಿವರಿನ ಮೇಲೆ ಸಕ್ಕರೆ, ಬೊಜ್ಜು ಎರಡನ್ನೂ ಹೇರಬೇಡಿ. ಗೆಡ್ಡೆ ಬರಲ್ಲ ಅಂತ ಮಾತು ಕೊಡಲಾರೆ. ಹೊರೆ ಇಳಿಸೋದು ಮಾತ್ರ ನಿಮ್ಮ ಕೈಲಿದೆ.'

ಊರಿಗೆ ವಾಪಸ್ ಬರುವ ಬಸ್ಸಿನಲ್ಲಿ ನಾನು ರೇಗಿದೆ. 'ರುಚಿ ನೋಡದೆ ಅಡಿಗೆ ಹೆಂಗೆ ಮಾಡ್ತೀರಾ? ಸೌಟು ಅಟ್ಟಕ್ಕೆ ಹಾಕಿ.'

ಕೋಲಾರದಲ್ಲಿ ಇಳಿಯುವಾಗ ಭಾವ ಅಂದರು: 'ಲೇ ಕದಿರೇಶ, ದೇವರ ಎಡೆಗೆ ಮಾಡುವಾಗ ಬಾಯಿಗೆ ಹಾಕ್ತೀವೇನೋ? ಇನ್ಮೇಲೆ ದಿನಾ ಎಡೆ ಅಂದ್ಕೊಂಡರೆ ಆಯ್ತು.'

ಏಳು ವರ್ಷ ಹಾಗೇ ನಡೆಸಿದರು. ಸಾರಿನ ಉಪ್ಪನ್ನು ಕುದಿಯ ವಾಸನೆಯಲ್ಲೇ ಹೇಳೋರು, ಪಾಕವನ್ನು ಎರಡು ಬೆರಳ ನಡುವೆ ಎಳೆದು ನೋಡೋರು. ಸಾವಿರ ಜನ ಉಂಡೆದ್ದ ಮೇಲೆ ಮನೆಗೆ ಬಂದು ಒಂದು ಚಿಕ್ಕ ಮುದ್ದೆ, ಸೊಪ್ಪಿನ ಸಾರು. ಕೋಲಾರದ ಮದುವೆಗೂ ಬಸ್ಸು ಬಿಟ್ಟು ನಡೆದೇ ಹೋಗೋರು. ಹೊಟ್ಟೆ ಕರಗಿ, ಪಂಚೆ ಸುತ್ತು ಜಾಸ್ತಿಯಾಯ್ತು.

ಎಂಬತ್ತೊಂಬತ್ತರಲ್ಲಿ ನನ್ನ ಮಗಳ ಮದುವೆ. ಅದೇ ವಾರ ಡಾಕ್ಟರು ಸ್ಕ್ಯಾನ್ ತೆಗೆಸಿ, 'ಗೆಡ್ಡೆ ಏನೂ ಕಾಣಿಸ್ತಿಲ್ಲ, ಆರು ತಿಂಗಳಿಗೆ ಮತ್ತೆ ಬನ್ನಿ' ಅಂದಿದ್ದರು. ಆ ಸಂತೋಷಕ್ಕೆ ನಾನು ಊಟಕ್ಕೆ ಕೂತವನು ಬಿಸಿ ಒಬ್ಬಟ್ಟಿಗೆ ತುಪ್ಪ ಸುರಿದು ಭಾವನ ಕೈಗೆ ತುರುಕಿದೆ.

'ನನ್ನ ಮಗಳ ಮದುವೇಲೂ ಬೇಡ ಅಂದ್ರೆ ನಾನು ಸುಮ್ಮನಿರಲ್ಲ.'

ಭಾವ ಅದನ್ನು ಮುರಿದು ಹೂರಣವನ್ನು ಹೆಬ್ಬೆರಳಲ್ಲಿ ಒತ್ತಿದರು. 'ಬೆಲ್ಲ ಒಂದಚ್ಚು ಜಾಸ್ತಿ ಬಿದ್ದಿದೆ' ಅಂತ ನಮ್ಮಕ್ಕ ಶಾಮಲಮ್ಮನ ಕಡೆ ತಿರುಗಿದರು. 'ಮುಂದಿನ ಪಂಕ್ತಿಗೆ ಇನ್ನಷ್ಟು ಬೇಳೆ ಬೇಯಿಸೇ.'

ಒಬ್ಬಟ್ಟನ್ನು ನನ್ನ ಎಲೆಗೇ ಇಟ್ಟರು. ತಿಂದೆ. ಸಿಹಿ ಒಂದು ಕೂದಲೆಳೆ ಹೆಚ್ಚೇ ಇತ್ತು. ಕೋಪ ಎಲ್ಲಿ ಹೋಯ್ತೋ, ಅವರ ಬೆರಳನ್ನೇ ನೋಡ್ತಾ ಕೂತೆ. ಹೂರಣ ಅಂಟಿದ್ದ ಆ ಬೆರಳನ್ನು ಭಾವ ಚೆಂಬಿನ ನೀರಲ್ಲಿ ತೊಳೆದುಕೊಂಡು ಒಲೆ ಹತ್ತಿರ ಹೋದರು.